ತೋಳ, ಪೊರಕೆ, ಆನೆ, ರೊಟ್ಟಿಚೂರು: ನಮ್ಮ ಮನೆಯಲ್ಲಿ ನಡೆದ ಸಿಂಫನಿ ಪರೀಕ್ಷೆ

ತೋಳ ಬಾತುಕೋಳಿಯ ಬೆನ್ನು ಹತ್ತಿತ್ತು. ಹತ್ತಿರ, ಇನ್ನೂ ಹತ್ತಿರ. ಐದು ವರ್ಷದ ಮಗಳು ನನ್ನ ತೋಳು ಬಿಗಿಯಾಗಿ ಹಿಡಿದು ಕೂತಿದ್ದಳು. ಇನ್ನೇನು ಗುಳುಂ ಅನ್ನಬೇಕು, ಅಷ್ಟರಲ್ಲಿ ಫೋನಿನಿಂದ ಗೃಹಸಾಲದ ಜಾಹೀರಾತು ಬಂತು. "ಬಾತುಕೋಳಿ ಸಾಲ ತಗೊಳ್ತಾ?" ಅಂದ ಒಂಬತ್ತರ ಮಗ. ಕತೆ ಹೇಳುವ ಆರ್ಕೆಸ್ಟ್ರಾ ಸಂಗೀತವನ್ನು ಮಕ್ಕಳಿಗೆ ಕೇಳಿಸುವ ಮೊದಲ ದಿನದ ಪ್ರಯೋಗ ಅಲ್ಲಿಗೆ ಮುಗಿಯಿತು.

ಹಾಗಾಗಿ ಮೊದಲ ಸಲಹೆ ಇಲ್ಲೇ ಹೇಳಿಬಿಡುತ್ತೇನೆ: ಬಿಟ್ಟಿ ಆಪ್‌ನಲ್ಲಿ ಇದನ್ನೆಲ್ಲ ಕೇಳಿಸಬೇಡಿ. ಎರಡನೆಯದು, ಫೋನಿನ ಸ್ಪೀಕರಿನಲ್ಲೂ ಬೇಡ. ಆಳೆತ್ತರದ ಪಿಟೀಲಿನಂಥ ಡಬಲ್ ಬೇಸ್, ತೀರ ತಗ್ಗು ದನಿಯ ಊದುವಾದ್ಯ ಕಾಂಟ್ರಾಬಸೂನ್‌ಗಳ ತಳದ ಸ್ವರ ಫೋನಿನಲ್ಲಿ ಕೇಳುವುದೇ ಇಲ್ಲ. ಮುಂದೆ ಹೇಳುವ 'ಪ್ರಾಣಿಗಳ ಜಾತ್ರೆ'ಯಲ್ಲಿ ಆನೆ ಕುಣಿಯುವ ಜಾಗಕ್ಕೆ ಬಂದರೆ ಏನೋ ಕೆರೆದ ಸದ್ದಷ್ಟೇ ಬರುತ್ತದೆ. ಕೊನೆಗೆ ನಾವು ಟೀವಿಗೆ ಸಿಕ್ಕಿಸಿದ ಹಳೆಯ ಸ್ಪೀಕರ್ ಜೋಡಿಗೆ ಶರಣಾದೆವು.

ನಮ್ಮ ಬೀದಿಯಲ್ಲಿ ಆರ್ಕೆಸ್ಟ್ರಾ ಅಂದರೆ ಗಣಪತಿ ಪೆಂಡಾಲಿನ ಮುಂದೆ ರಾತ್ರಿ ಹತ್ತರವರೆಗೆ ನಡೆಯುವ ಸಿನಿಮಾ ಹಾಡು. ಎಂಬತ್ತು ಜನ ಕೂತು, ಯಾರೂ ಹಾಡದೆ, ಬರೀ ವಾದ್ಯದಲ್ಲೇ ಕತೆ ಹೇಳುವ ಆರ್ಕೆಸ್ಟ್ರಾವನ್ನು ಮಕ್ಕಳಿಗೆ ತೋರಿಸೋಣ ಅಂತ ಬೇಸಿಗೆ ರಜೆಯಲ್ಲಿ ಈ ಪರೀಕ್ಷೆಗೆ ಇಳಿದೆ. ನಿಯಮ ಒಂದೇ. ಪ್ರತಿ ಕೃತಿಯನ್ನೂ ಎರಡು ಸಲ ಕೇಳುವುದು: ಮೊದಲು ಕತೆ ಹೇಳಿ, ವಾರ ಬಿಟ್ಟು ಒಂದು ಮಾತೂ ಇಲ್ಲದೆ. ಎರಡನೇ ಸಲ ಮಕ್ಕಳು ಎದ್ದು ಹೋಗದಿದ್ದರೆ ಪಾಸು. ತೀರ್ಪುಗಾರರು ಇಬ್ಬರು ಮಕ್ಕಳು, ಕುಂದಾಪುರದ ಕಡೆಯ ಗಂಡ, ಮತ್ತು ರಜೆಗೆ ಬಂದಿದ್ದ ನನ್ನ ಅಮ್ಮ. ಅಮ್ಮನ ಕಿವಿ ಕರ್ನಾಟಕ ಸಂಗೀತದ್ದು, ಆದರೆ ಮೈಸೂರಿನವರಾದ್ದರಿಂದ ದಸರಾ ಬ್ಯಾಂಡಿನ ಕ್ಲಾರಿನೆಟ್ಟು, ಕೊಂಬುಗಳ ಪರಿಚಯ ನಮ್ಮೆಲ್ಲರಿಗಿಂತ ಅವರಿಗೇ ಹೆಚ್ಚು.

ಎಲ್ಲರೂ ಮೊದಲು ಹೇಳುವ ಹೆಸರು 'ಪೀಟರ್ ಮತ್ತು ತೋಳ'. ನಾವೂ ಅಲ್ಲಿಂದಲೇ ಶುರು ಮಾಡಿದೆವು. ಅದು ತಪ್ಪಾಯಿತೇನೋ, ಅದನ್ನು ಆಮೇಲೆ ಹೇಳುತ್ತೇನೆ. 1936ರಲ್ಲಿ ಮಾಸ್ಕೋದ ಮಕ್ಕಳ ರಂಗಮಂದಿರ ನಡೆಸುತ್ತಿದ್ದ ನತಾಲಿಯಾ ಸಾಟ್ಸ್ ಕೇಳಿದ್ದಕ್ಕೆ ರಷ್ಯಾದ ಸಂಗೀತಕಾರ ಪ್ರೊಕೊಫಿಯೆವ್ ಬರೆದುಕೊಟ್ಟ ಕೃತಿ ಇದು. ಕತೆಯೂ ಅವನದೇ. ಮೇ 2ರ ಮೊದಲ ಪ್ರದರ್ಶನಕ್ಕೆ ಜನ ಅಷ್ಟಾಗಿ ಬರಲಿಲ್ಲವಂತೆ. ಮರುವರ್ಷವೇ ಸಾಟ್ಸ್ ಬಂಧನಕ್ಕೊಳಗಾಗಿ ವರ್ಷಗಟ್ಟಲೆ ಸೆರೆಯಲ್ಲಿ ಕಳೆದಳು. ಅದನ್ನು ತಿಳಿದ ಮೇಲೆ, ಬೇಲಿ ದಾಟಬೇಡ ಎಂದು ತಾತ ಗದರುವ ಭಾಗ ನನಗೆ ಮೊದಲಿನಷ್ಟು ತಮಾಷೆಯಾಗಿ ಕೇಳುತ್ತಿಲ್ಲ.

ಇದರ ಉಪಾಯ ಸರಳ. ಹಕ್ಕಿಗೆ ಕೊಳಲು, ಬಾತುಕೋಳಿಗೆ ಓಬೋ, ಬೆಕ್ಕಿಗೆ ಕ್ಲಾರಿನೆಟ್, ತಾತನಿಗೆ ದಪ್ಪ ದನಿಯ ಊದುವಾದ್ಯ ಬಸೂನ್, ತೋಳಕ್ಕೆ ಮೂರು ಫ್ರೆಂಚ್ ಹಾರ್ನ್ (ಸುರುಳಿ ಸುತ್ತಿದ ಕೊಂಬು), ಪೀಟರನಿಗೆ ತಂತಿವಾದ್ಯಗಳು, ಬೇಟೆಗಾರರ ಗುಂಡಿಗೆ ನಗಾರಿ. ಕತೆ ಶುರುವಾಗುವ ಮೊದಲೇ ಎಲ್ಲರನ್ನೂ ಒಬ್ಬೊಬ್ಬರಾಗಿ ಪರಿಚಯಿಸುತ್ತಾರೆ. "ಇದು ಒಡ್ಡೋಲಗ!" ಅಂದ ನನ್ನ ಗಂಡ. ಯಕ್ಷಗಾನದಲ್ಲಿ ರಾಕ್ಷಸ ಬಂದನೋ ರಾಜ ಬಂದನೋ ಅನ್ನುವುದನ್ನು ಮುಖ ಕಾಣುವ ಮೊದಲೇ ಚೆಂಡೆ ಹೇಳಿಬಿಡುತ್ತದಲ್ಲ, ಅದೇ ಲೆಕ್ಕ. ಓಬೋ ಕೇಳಿ ಅಮ್ಮ "ಸಣ್ಣ ಓಲಗ" ಅಂದರು. ಸರಿಯೇ, ಎರಡಕ್ಕೂ ಜೋಡಿ ಸೀಳಿನ ಪೀಪಿ.

ನಿರೂಪಣೆಯ ಮಾತಿಗೆ ಬಂದರೆ, ಇಂಗ್ಲಿಷಿನಲ್ಲಿ ಆಯ್ಕೆ ಬೇಕಾದಷ್ಟಿದೆ. ಎಲೀನರ್ ರೂಸ್‌ವೆಲ್ಟ್ ಓದಿದ್ದಾರೆ, ಶಾನ್ ಕಾನರಿ ಓದಿದ್ದಾರೆ, 1978ರಲ್ಲಿ ಡೇವಿಡ್ ಬೋವಿ ಫಿಲಡೆಲ್ಫಿಯಾ ಆರ್ಕೆಸ್ಟ್ರಾ ಜೊತೆ ಓದಿದ್ದಾರೆ. ಬೋವಿಯದು ನನಗೆ ಇಷ್ಟ, ಕತೆ ಹೇಳುವಾಗ ನಟನೆ ಮಾಡುವುದಿಲ್ಲ. ಆದರೆ ಚಿಕ್ಕವಳಿಗೆ ಯಾರ ಇಂಗ್ಲಿಷೂ ಹತ್ತಲಿಲ್ಲ. ನಿರೂಪಣೆಯಿಲ್ಲದ ಧ್ವನಿಮುದ್ರಣ ಹುಡುಕಿ, ಅಲ್ಲಲ್ಲಿ ನಿಲ್ಲಿಸಿ ನಾನೇ ಕನ್ನಡದಲ್ಲಿ ಹೇಳಿದೆ. ಮಾತಿನ ಬಹುಪಾಲು ಸಂಗೀತದ ನಡುವಿನ ಬಿಡುವಿನಲ್ಲೇ ಬರುವುದರಿಂದ ಇದು ಕಷ್ಟವಿಲ್ಲ. ಎರಡು ಸಲ ತಡಬಡಾಯಿಸಿದೆ, ಮೂರನೇ ಸಲ ಭಾಗವತರ ಗತ್ತು ಬಂತು.

ವಾರ ಬಿಟ್ಟು ಮಾತಿಲ್ಲದೆ ಹಾಕಿದಾಗ ಮಗಳು ತಾನೇ ಮೊದಲಿನಿಂದ ಕೊನೆಯವರೆಗೆ ಕತೆ ಹೇಳಿದಳು. ಕೊನೆಯಲ್ಲಿ ಸೆರೆಸಿಕ್ಕ ತೋಳದ ಮೆರವಣಿಗೆ ಮುಗಿಯುತ್ತಿರುವಾಗ ಓಬೋ ಮೆಲ್ಲಗೆ ಕೇಳುತ್ತದೆ. ಆತುರದಲ್ಲಿ ತೋಳ ಬಾತುಕೋಳಿಯನ್ನು ಜೀವಂತ ನುಂಗಿದೆ, ಅದಿನ್ನೂ ಹೊಟ್ಟೆಯೊಳಗೆ ಕೂಗುತ್ತಿದೆ. ಅವಳು ಎದ್ದು ಸ್ಪೀಕರಿಗೆ ಕಿವಿ ಇಟ್ಟು ನಿಂತಳು. ಪರೀಕ್ಷೆಯಲ್ಲಿ ಇಂಥ ಕ್ಷಣ ಇನ್ನೊಂದು ಬರಲಿಲ್ಲ. ವಿಡಿಯೊದಲ್ಲಿ ಹಾರ್ನ್ ವಾದಕರನ್ನು ನೋಡಿದ ಮಗ ಇನ್ನೊಂದು ಕಂಡುಹಿಡಿದ: ಆ ವಾದ್ಯದ ಬಾಯಿ ಹಿಂದಕ್ಕೆ ತಿರುಗಿದೆ. "ತೋಳ ಬೆನ್ನು ಹಾಕಿ ಕೂತಿದೆ, ಅದಕ್ಕೇ ದೂರದಿಂದ ಬಂದ ಹಾಗೆ ಕೇಳೋದು."

(ಸೂಸಿ ಟೆಂಪಲ್ಟನ್ ಮಾಡಿದ 2006ರ ಬೊಂಬೆ ಅನಿಮೇಶನ್ ಚಿತ್ರವೊಂದಿದೆ, ಆಸ್ಕರ್ ಗೆದ್ದದ್ದು. ಅದರಲ್ಲಿ ನಿರೂಪಣೆಯೇ ಇಲ್ಲ, ಕೊನೆಗೆ ಪೀಟರ್ ತೋಳವನ್ನು ಬಿಟ್ಟುಬಿಡುತ್ತಾನೆ. ಸೊಗಸಾಗಿದೆ, ಆದರೆ ಕತ್ತಲು ಜಾಸ್ತಿ. ಐದರ ಮಗುವಿಗೆ ಬೇಡ.)

ಪೀಟರನ ಅಡ್ಡಪರಿಣಾಮ ಗೊತ್ತಾದದ್ದು ಎರಡನೇ ಕೃತಿಯಲ್ಲಿ. ಫ್ರಾನ್ಸಿನ ಸಂಗೀತಕಾರ ಪಾಲ್ ದ್ಯೂಕಾನ 'ಮಾಂತ್ರಿಕನ ಶಿಷ್ಯ' 1897ರದ್ದು, ಹತ್ತು ಹನ್ನೆರಡು ನಿಮಿಷದ್ದು. ಅದರ ಕತೆ ಸರಿಯಾಗಿ ನೂರು ವರ್ಷ ಹಿಂದಿನ, ಜರ್ಮನ್ ಕವಿ ಗಯಟೆಯ ಪದ್ಯದ್ದು. ಗುರು ಇಲ್ಲದಾಗ ಶಿಷ್ಯ ಪೊರಕೆಗೆ ಮಂತ್ರ ಹಾಕಿ ನೀರು ಹೊರಿಸುತ್ತಾನೆ, ನಿಲ್ಲಿಸುವ ಮಂತ್ರ ಮರೆತಿದ್ದಾನೆ. ಪೊರಕೆಯ ಕುಪ್ಪಳಿಸುವ ಧಾಟಿ ಬಸೂನ್‌ಗಳದ್ದು. ಅದು ಬಂದದ್ದೇ ತಡ, ಇಬ್ಬರೂ ಒಟ್ಟಿಗೆ: "ತಾತ!" ಪೀಟರನ ತಾತ ಯಾಕೆ ನೀರು ಹೊರುತ್ತಿದ್ದಾನೆ ಎಂಬ ಚರ್ಚೆ ಕೃತಿ ಮುಗಿಯುವವರೆಗೂ ನಡೆಯಿತು. ಬಸೂನ್ ಅಂದರೆ ತಾತ, ಅಷ್ಟೇ.

ಇದರಲ್ಲಿ ಒಂದು ಜಾಗಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಶಿಷ್ಯ ಕೊಡಲಿಯಿಂದ ಪೊರಕೆ ಸೀಳುತ್ತಾನೆ. ಮೌನ. ಆಮೇಲೆ ಕಾಂಟ್ರಾಬಸೂನ್ ತಳದಿಂದ ಗುರ್ ಅಂತ ಏಳುತ್ತದೆ, ಅದರ ಬೆನ್ನಿಗೇ ಬೇಸ್ ಕ್ಲಾರಿನೆಟ್. ಈಗ ಎರಡು ಪೊರಕೆ. ಇದನ್ನು ಬಾಯಲ್ಲಿ ಹೇಳುವ ಅಗತ್ಯವೇ ಇಲ್ಲ. ಆದರೂ ಎರಡನೇ ಸಲ ಈ ಕೃತಿ ಸೋತಿತು. ಒಂದು ಕಾರಣ, ಮೊದಲ ನಿಮಿಷಗಳು ಪಿಸುಮಾತಿನಷ್ಟು ಮೆಲ್ಲಗಿವೆ. ನಮ್ಮ ಮನೆಯಲ್ಲಿ ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟರಲ್ಲಿ ಅದು ಮುಗಿದಿತ್ತು. ವಾಲ್ಯೂಮ್ ಏರಿಸಿದರೆ ನೀರು ನುಗ್ಗುವ ಹೊತ್ತಿಗೆ ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದರು. ಇನ್ನೊಂದು ಕಾರಣ ಮಿಕ್ಕಿ ಮೌಸ್. ಇದೇ ಸಂಗೀತಕ್ಕೆ ಮಿಕ್ಕಿ ಶಿಷ್ಯನಾಗಿ ಬರುವ 1940ರ ಡಿಸ್ನಿ ಚಿತ್ರದ ತುಣುಕನ್ನು ಮಗ ಮೊದಲೇ ನೋಡಿದ್ದ. "ಚಿತ್ರ ಹಾಕು" ಅಂದ, ಬರೀ ಸದ್ದು ಅವನಿಗೆ ಅರ್ಧ ಅನ್ನಿಸಿತು. ಕೇಳಿಸುವುದಾದರೆ ಆ ತುಣುಕು ನೋಡುವ ಮೊದಲು ಕೇಳಿಸಿ.

ಮೂರನೆಯದು ಫ್ರಾನ್ಸಿನವನೇ ಆದ ಸೇನ್ ಸಾನ್ಸ್‌ನ 'ಪ್ರಾಣಿಗಳ ಜಾತ್ರೆ'. ಹದಿನಾಲ್ಕು ತುಣುಕು, ಕತೆ ಇಲ್ಲವೇ ಇಲ್ಲ. 1886ರಲ್ಲಿ ಗೆಳೆಯರ ನಡುವಿನ ತಮಾಷೆಗೆ ಬರೆದದ್ದು. ತನ್ನ ಗಂಭೀರ ಹೆಸರಿಗೆ ಕುಂದು ಬಂದೀತೆಂದು ಬದುಕಿರುವವರೆಗೆ ಹಂಸದ ತುಣುಕೊಂದನ್ನು ಬಿಟ್ಟು ಉಳಿದದ್ದನ್ನು ಅಚ್ಚು ಹಾಕಲು ಬಿಡಲಿಲ್ಲ. 1921ರಲ್ಲಿ ತೀರಿಕೊಂಡ, 1922ರಲ್ಲಿ ಪ್ರಕಟವಾಯಿತು. ಈಗ ಅವನ ಹೆಸರು ಬಹಳ ಮನೆಗಳಲ್ಲಿ ಉಳಿದಿರುವುದು ಇದೇ ತಮಾಷೆಯಿಂದ.

ಜೋಕುಗಳಲ್ಲಿ ಅರ್ಧ ನಮ್ಮ ಮಕ್ಕಳಿಗೆ ದಾಟುವುದಿಲ್ಲ. ಆಮೆಗಳ ಭಾಗ ಆಫನ್‌ಬಾಕ್‌ನ ಕ್ಯಾನ್‌ಕ್ಯಾನ್ ಎಂಬ ಬಿರುಸಿನ ಕುಣಿತದ ಧಾಟಿಯನ್ನೇ ಎಳೆದೆಳೆದು ನುಡಿಸುವುದು. ಮೂಲ ಗೊತ್ತಿಲ್ಲದವರಿಗೆ ಅದು ಬರೀ ನಿದ್ದೆ ಬರಿಸುವ ಹಾಡು. ಅದಕ್ಕೆ ಮದ್ದು: ಮೊದಲು ಮೂಲ ಕ್ಯಾನ್‌ಕ್ಯಾನ್ ಹಾಕಿ ಕುಣಿಸಿ, ಬೆವರಿಳಿದ ಮೇಲೆ ಆಮೆ ಹಾಕಿ. ನಾವು ಹಾಗೇ ಮಾಡಿದೆವು, ಮಕ್ಕಳು ನೆಲದ ಮೇಲೆ ತೆವಳಿದರು. ಪಿಯಾನೊ ಕಲಿಯುವವರನ್ನೂ ಪ್ರಾಣಿಗಳ ಪಟ್ಟಿಗೆ ಸೇರಿಸಿ ಸರಿಗಮ ಅಭ್ಯಾಸ ಮಾಡಿಸುವ ತುಣುಕಿಗೆ ಮಾತ್ರ ವಿವರಣೆ ಬೇಕಾಗಲಿಲ್ಲ. ಅಮ್ಮ ನಗುತ್ತ "ನಿನ್ನ ಸರಳೆ ವರಸೆ ಹೀಗೇ ಇತ್ತು" ಅಂದರು, ನನಗೆ.

ಆದರೆ ಈ ಜಾತ್ರೆ ಮಾಡಿದ ದೊಡ್ಡ ಉಪಕಾರ ಬೇರೆ. ಕಾಡಿನ ನಡುವೆ ಕೋಗಿಲೆ ಕೂಗುವ ತುಣುಕೊಂದಿದೆ. ಪಿಯಾನೊಗಳು ಮೆಲ್ಲಗೆ ನಡೆಯುತ್ತವೆ, ದೂರದಿಂದ ಎರಡೇ ಎರಡು ಸ್ವರ. ಆ ಕೋಗಿಲೆ ಕ್ಲಾರಿನೆಟ್. ಮಗಳು ಹುಬ್ಬು ಗಂಟಿಕ್ಕಿ "ಬೆಕ್ಕು ಯಾಕೆ ಕೋಗಿಲೆ ಥರ ಕೂಗ್ತಿದೆ?" ಅಂದಳು. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನ ತಲೆಯಲ್ಲಿ ಏನೋ ಸಡಿಲವಾದದ್ದು ನನಗೆ ಕಂಡಿತು. ಪೀಟರ್ ಅಂಟಿಸಿದ್ದ ಚೀಟಿ ಮೊದಲ ಸಲ ಕಿತ್ತುಬಂತು. ಎರಡನೇ ಕೇಳುವಿಕೆಯಲ್ಲಿ ಹದಿನಾಲ್ಕರಲ್ಲಿ ಐದು ತುಣುಕು ಉಳಿದವು, ಉಳಿದದ್ದಕ್ಕೆ ಎದ್ದು ಹೋದರು. ಹಂಸ ಬಂದಾಗ ಗಂಡನೂ ಎದ್ದು ಹೋದ, ಚಹಾ ಮಾಡಲು. ಹಂಸವಾಗಿ ಹಾಡುವ ಚೆಲ್ಲೊ (ದೊಡ್ಡ ಪಿಟೀಲಿನಂಥ ವಾದ್ಯ) ಕೇಳಿ ಕಣ್ಣು ಒದ್ದೆ ಮಾಡಿಕೊಂಡದ್ದು ಅಮ್ಮ ಒಬ್ಬರೇ.

ಇಂಗ್ಲೆಂಡಿನ ಸಂಗೀತಕಾರ ಬೆಂಜಮಿನ್ ಬ್ರಿಟನ್ನನ 'ಆರ್ಕೆಸ್ಟ್ರಾಗೆ ಯುವಜನರ ಕೈಪಿಡಿ'ಯನ್ನೂ ಹಾಕಿದ್ದೆ. ಅಲ್ಲಿನ ಹಳೆಯ ಸಂಗೀತಕಾರ ಪರ್ಸೆಲ್‌ನ 1695ರ ಒಂದು ಧಾಟಿಯನ್ನು ತೆಗೆದುಕೊಂಡು ವಾದ್ಯಗಳನ್ನೆಲ್ಲ ಬಿಡಿಸಿಟ್ಟು, ಕೊನೆಗೆ ಒಂದರ ಹಿಂದೆ ಒಂದನ್ನು ಓಡಿಸಿ ಜೋಡಿಸುವುದು ಅದ್ಭುತ ಕೆಲಸ. "ಇದು ಸ್ಕೂಲು" ಅಂದ ಮಗ. ಕತೆ ಅಲ್ಲ, ಬಿಟ್ಟೆವು.

ಇನ್ನು ಫ್ರಾನ್ಸಿನ ರಾವೆಲ್. 'ಮದರ್ ಗೂಸ್' ಬಗ್ಗೆ ನನಗೆ ನಿರೀಕ್ಷೆಯೇ ಇರಲಿಲ್ಲ, ಮಕ್ಕಳಿಗೆ ತೀರ ಮೆಲು ಅಂದುಕೊಂಡಿದ್ದೆ. ಗೆಳೆಯ ಗೊದೆಬ್ಸ್ಕಿಯ ಮಕ್ಕಳಾದ ಮಿಮಿ ಮತ್ತು ಜಾನ್‌ಗಾಗಿ ನಾಲ್ಕು ಕೈಯ ಪಿಯಾನೊಗೆ ಬರೆದದ್ದು, 1910ರಲ್ಲಿ ಅದನ್ನು ಮೊದಲು ಸಭೆಯಲ್ಲಿ ನುಡಿಸಿದ್ದೂ ಇಬ್ಬರು ಬಾಲಕಿಯರೇ. ಮರುವರ್ಷ ಆರ್ಕೆಸ್ಟ್ರಾಗೆ ವಿಸ್ತರಿಸಿದ. ಐದು ತುಣುಕು, ಎಲ್ಲ ಸೇರಿ ಹದಿನಾರು ಹದಿನೇಳು ನಿಮಿಷ. ನಿರೂಪಕ ಇಲ್ಲ. ಕೆಲವು ತುಣುಕುಗಳ ತಲೆಯ ಮೇಲೆ ಮಾತ್ರ ಹಳೆಯ ಕತೆಯಿಂದ ನಾಲ್ಕಾರು ಸಾಲು. ಅಷ್ಟನ್ನು ಓದಿ ನಾನು ಬಾಯಿ ಮುಚ್ಚಿದೆ.

ಎರಡನೇ ತುಣುಕು ಹೆಬ್ಬೆರಳ ಪುಟ್ಟನದು. ದಾರಿ ತಪ್ಪದಿರಲೆಂದು ರೊಟ್ಟಿಚೂರು ಉದುರಿಸುತ್ತ ಹೋಗುತ್ತಾನೆ, ಹಿಂತಿರುಗಿ ನೋಡಿದರೆ ಹಕ್ಕಿಗಳು ತಿಂದುಬಿಟ್ಟಿವೆ. ತಂತಿಗಳು ಮೆಟ್ಟಿಲು ಹತ್ತಿದ ಹಾಗೆ ನಡೆಯುತ್ತವೆ, ಆದರೆ ತಾಳ ಒಂದೇ ಲೆಕ್ಕಕ್ಕೆ ನಿಲ್ಲುವುದಿಲ್ಲ: ಎರಡು, ಮೂರು, ನಾಲ್ಕು, ಐದು, ಹೀಗೆ ಹಿಗ್ಗುತ್ತ ಕುಗ್ಗುತ್ತದೆ. ತೊಡೆಯ ಮೇಲೆ ತಾಳ ಹಾಕಲು ಹೋದ ಅಮ್ಮ ಅರ್ಧಕ್ಕೇ ಕೈ ನಿಲ್ಲಿಸಿ, "ಇವನಿಗೆ ದಾರಿ ಗೊತ್ತಿಲ್ಲ" ಅಂದರು. ಕತೆ ಅವರಿಗೆ ನಾನು ಹೇಳಿರಲಿಲ್ಲ, ಅಡುಗೆಮನೆಯಿಂದ ಆಗಷ್ಟೇ ಬಂದಿದ್ದರು. ಈ ಪರೀಕ್ಷೆಯಲ್ಲಿ ಕತೆಯಿಲ್ಲದೆ ಕತೆ ತಲುಪಿದ್ದು ಇಲ್ಲೊಂದೇ ಕಡೆ.

ಮೂರನೆಯದು ಚೀನೀ ಬೊಂಬೆಗಳ ರಾಣಿಯದು, ಪಿಯಾನೊದಲ್ಲಿ ಕಪ್ಪು ಮನೆಗಳ ಐದು ಸ್ವರಗಳ ಮೇಲೆ ಕಟ್ಟಿದ್ದು. "ಮೋಹನ ಇದ್ದ ಹಾಗಿದೆ" ಅಂತ ಅಮ್ಮ ಎದ್ದು ಕೂತರು. ಮೋಹನ ಅಲ್ಲ, ಆದರೆ ಐದು ಸ್ವರದ ನಂಟು ಸುಳ್ಳಲ್ಲ. ಅಲ್ಲಿಂದ ಮಾತು ಜಯಚಾಮರಾಜ ಒಡೆಯರ ಕಡೆ ಹೊರಳಿತು. ಕರ್ನಾಟಕ ಕೃತಿಗಳನ್ನು ರಚಿಸಿದ ಅದೇ ಮಹಾರಾಜರು ರಷ್ಯಾದ ಮೆಡ್ಟ್‌ನರ್‌ನ ಪಿಯಾನೊ ಸಂಗೀತವನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು ಹಣ ಕೊಟ್ಟವರು ಎಂದು ಹೇಳಿದೆ. ಅಮ್ಮ ನಂಬಲಿಲ್ಲ.

ಎರಡನೇ ಸಲದ ಫಲಿತಾಂಶ: ಮಗಳು ಮೊದಲ ತುಣುಕಿಗೇ ನಿದ್ದೆ ಹೋದಳು (ಅದು ಮಲಗಿದ ರಾಜಕುಮಾರಿಯದು, ತಪ್ಪೇನಿಲ್ಲ). ಮಗ ಕೊನೆಯವರೆಗೆ ಕೂತ. ಮೂರನೇ ಸಲ ತಾನೇ ಕೇಳಿ ಹಾಕಿಸಿಕೊಂಡ. ಅಂಥ ಭಾಗ್ಯ ಪೀಟರನಿಗೂ ಸಿಗಲಿಲ್ಲ, ಕತೆ ಗೊತ್ತಾದ ಮೇಲೆ ಮಗನಿಗೆ ಅದು ಮುಗಿದ ವಿಷಯ.

ಅರೇಬಿಯನ್ ನೈಟ್ಸ್‌ನ ಕತೆಗಾರ್ತಿಯ ಮೇಲೆ ರಷ್ಯಾದ ರಿಮ್ಸ್ಕಿ-ಕೊರ್ಸಕೊವ್ ಬರೆದ 'ಶೆಹೆರಜಾದೆ'ಯನ್ನು ಮೊದಲ ಭಾಗ ದಾಟಿಸಲು ಆಗಲಿಲ್ಲ. ಮುಕ್ಕಾಲು ಗಂಟೆ, ನಾಲ್ಕು ಭಾಗ. ಅಲ್ಲಿ ಕತೆ ಹೇಳುವವಳು ಒಂಟಿ ವಯಲಿನ್, ಆ ಧ್ವನಿಗೆ ಮಕ್ಕಳು ತಲೆ ಎತ್ತಿದರು, ಸಮುದ್ರ ಶುರುವಾದಾಗ ಮತ್ತೆ ಲೆಗೊ ಕಡೆ ಹೋದರು. ಮಕ್ಕಳಿಗೆ ಹನ್ನೆರಡು ವರ್ಷ ದಾಟಲಿ, ಆಮೇಲೆ ನೋಡೋಣ.

ಇಷ್ಟಾದ ಮೇಲೆ ಯಾರಾದರೂ ಕೇಳಿದರೆ ನನ್ನ ಉತ್ತರ ಹೀಗೆ. ಮಗು ಏಳರೊಳಗಿದ್ದು, ಮನೆಯಲ್ಲಿ ಒಬ್ಬರಿಗೆ ಕತೆ ಹೇಳುವ ಹುಕಿ ಇದ್ದರೆ, ಪೀಟರ್ ಮೀರಿದ್ದಿಲ್ಲ. ಆದರೆ ಸ್ವಲ್ಪ ದೊಡ್ಡ ಮಗುವಿಗೆ ನಾನಾದರೆ ಈಗ ರಾವೆಲ್ ಮೊದಲು, ಜಾತ್ರೆಯಿಂದ ಆರಿಸಿದ ಐದು ತುಣುಕು ಆಮೇಲೆ, ಪೀಟರ್ ಕೊನೆಗೆ ಹಾಕುತ್ತೇನೆ. ಮೊದಲೇ ಪೀಟರ್ ಹಾಕಿದರೆ ಪ್ರತಿ ವಾದ್ಯಕ್ಕೂ ಬಾಲ ಬರುತ್ತದೆ, ಅದನ್ನು ಕತ್ತರಿಸಲು ನಮಗೆ ಒಂದೂವರೆ ತಿಂಗಳು ಹಿಡಿಯಿತು. ಪೂರ್ತಿ ಕತ್ತರಿಸಿದ್ದೂ ಸುಳ್ಳು. ರಾವೆಲ್‌ನ ನಾಲ್ಕನೇ ತುಣುಕಿನಲ್ಲಿ ಸುಂದರಿಯೂ ಮೃಗವೂ ಮಾತಾಡುತ್ತಾರೆ. ಮೃಗ ಕಾಂಟ್ರಾಬಸೂನ್, ಸುಂದರಿ ಕ್ಲಾರಿನೆಟ್. ಮೊನ್ನೆ ಅದು ಬಂದಾಗ ಮಗಳು "ಬೆಕ್ಕು" ಅಂದಳು. "ಬೆಕ್ಕಲ್ಲ ಕಣೇ, ಕ್ಲಾರಿನೆಟ್ಟು" ಅಂದ ಅಣ್ಣ. ಅವಳು ಒಪ್ಪಲಿಲ್ಲ. ಸುಂದರಿ ಬೆಕ್ಕು ಸಾಕಿದ್ದಾಳೆ ಅನ್ನುವುದು ಅವಳ ವಾದ.