ಬೀದರಿನ ಡಾರ್ಕ್‌ರೂಮಿಗೆ ಯಾವ ಕಾಗದ: ಆರ್‌ಸಿಯೋ, ಎಫ್‌ಬಿಯೋ?

ಬೀದರಿನ ನಮ್ಮ ಮನೆಯ ಸಣ್ಣ ಡಾರ್ಕ್‌ರೂಮಿನಲ್ಲಿ ಕಪ್ಪು-ಬಿಳುಪು ಫೋಟೋ ಮುದ್ರಿಸಲು ಹಲವು ವರ್ಷಗಳಿಂದ ಇಲ್ಫೋರ್ಡ್ ಕಂಪನಿಯ ಎರಡು ಕಾಗದಗಳನ್ನು ಬಳಸುತ್ತಿದ್ದೇನೆ. ಒಂದು, ಪ್ಲಾಸ್ಟಿಕ್ ಲೇಪವಿರುವ ಮಲ್ಟಿಗ್ರೇಡ್ ಆರ್‌ಸಿ (ರೆಸಿನ್ ಕೋಟೆಡ್) ಡಿಲಕ್ಸ್; ಇನ್ನೊಂದು, ಪ್ಲಾಸ್ಟಿಕ್ ಲೇಪವಿಲ್ಲದ ದಪ್ಪ ಕಾಗದದ ಮಲ್ಟಿಗ್ರೇಡ್ ಎಫ್‌ಬಿ (ಫೈಬರ್ ಬೇಸ್) ಕ್ಲಾಸಿಕ್. ಅಂದದಲ್ಲಿ ಎರಡನೆಯದೇ ಮೇಲು. ಆದರೂ ನಮ್ಮ ಭಾಗದಲ್ಲಿ ಇವೆರಡರಲ್ಲಿ ಯಾವುದನ್ನು ಕೈಗೆತ್ತಿಕೊಳ್ಳಬೇಕೆಂಬುದನ್ನು ಬಹುಪಾಲು ತೀರ್ಮಾನಿಸುವುದು ನೀರು.

ಆರ್‌ಸಿ ಕಾಗದಕ್ಕೆ ಹರಿಯುವ ನೀರಿನಲ್ಲಿ 2 ನಿಮಿಷ ತೊಳೆದರೆ ಸಾಕು. ಎಫ್‌ಬಿಯ ಒಡಲು ಫಿಕ್ಸರನ್ನು, ಅಂದರೆ ಮೂಡಿದ ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣವನ್ನು, ಹೀರಿಕೊಂಡಿರುವುದರಿಂದ ಅದಕ್ಕೆ ಒಂದು ಗಂಟೆ ಬೇಕು. ಫಿಕ್ಸರನ್ನು ಬೇಗ ಬಿಡಿಸುವ ವಾಶ್ ಏಡ್ ಬಳಸಿದರೆ 5 ನಿಮಿಷ ನೀರು, 10 ನಿಮಿಷ ಆ ದ್ರಾವಣ, ಮತ್ತೆ 5 ನಿಮಿಷ ನೀರು. ಕಾಗದದ ಮೇಲೆ ಚಿತ್ರ ಮೂಡಿಸುವ ಡೆವಲಪರ್ ದ್ರಾವಣ 20 ಡಿಗ್ರಿಯಲ್ಲಿರಬೇಕೆಂಬುದು ನಿಯಮವಾದರೂ, ಏಪ್ರಿಲ್-ಮೇ ತಿಂಗಳಲ್ಲಿ ಮಾಳಿಗೆಯ ಟ್ಯಾಂಕಿನಿಂದ ಬರುವ ನೀರಿಗೆ ಕೈಯಿಟ್ಟರೆ ಕಾಯಿಸಿದ ನೀರೇ ಅನ್ನಿಸುತ್ತದೆ. ಆದ್ದರಿಂದ ಡೆವಲಪರ್ ಟ್ರೇಯನ್ನು ಐಸ್ ಹಾಕಿದ ದೊಡ್ಡ ಟ್ರೇಯೊಳಗಿಟ್ಟು ಬೇಸಿಗೆಯಲ್ಲಿ ಆರ್‌ಸಿಯನ್ನಷ್ಟೇ ಮುದ್ರಿಸುತ್ತೇನೆ. ಎಫ್‌ಬಿಯ ಪ್ಯಾಕ್ ಬಿಚ್ಚುವುದು ಚಳಿಗಾಲದಲ್ಲಿ.

ಎಫ್‌ಬಿಯ ಹೆಚ್ಚುಗಾರಿಕೆ ನನಗೆ ಮನವರಿಕೆಯಾದದ್ದು ಬಿದರಿ ಹೂಜಿಯೊಂದರ ನೆಗೆಟಿವ್‌ನಿಂದ. ಆರ್‌ಸಿಯಲ್ಲಿ ಹೂಜಿಯ ಕಪ್ಪು ಮೈ ಬರೀ ಕಪ್ಪಾಗಿ ಕಂಡಿತು. ಎಫ್‌ಬಿಯಲ್ಲಿ ಅದೇ ಕಪ್ಪಿಗೆ ಆಳ ಬಂದು, ಬೆಳ್ಳಿ ತಂತಿಯ ಬಳ್ಳಿ ಅದರೊಳಗೆ ಕೂತಂತೆ ತೋರಿತು. ಒಂದು ಎಚ್ಚರಿಕೆ ಮಾತ್ರ ಬೇಕು: ಎಫ್‌ಬಿ ಒಣಗಿದಾಗ ತುಸು ಕಪ್ಪಾಗುತ್ತದೆ. ಟ್ರೇಯಲ್ಲಿ ಹೊಳೆಯುತ್ತಿದ್ದ ಬೆಳ್ಳಿ ಮರುದಿನ ಮಂಕಾಗಿರುತ್ತದೆಯಾದ್ದರಿಂದ, ಒದ್ದೆಯಿದ್ದಾಗ ಸ್ವಲ್ಪ ತಿಳಿಯಾಗಿಯೇ ಕಾಣುವಂತೆ ಬೆಳಕು ಕೊಡಬೇಕು. ಒಣಗುವಾಗ ಅಂಚು ಸುರುಳಿ ಸುತ್ತಿಕೊಳ್ಳುವ ಕಾಟ ಬೇರೆ.

ಎರಡೂ ಕಾಗದಗಳು ಮುದ್ರಿಸುವ ಬೆಳಕಿಗೆ ಅಡ್ಡ ಹಿಡಿಯುವ ಬಣ್ಣದ ಫಿಲ್ಟರಿನಿಂದ ಗ್ರೇಡ್, ಅಂದರೆ ಕಪ್ಪು-ಬಿಳುಪಿನ ಅಂತರ, ಬದಲಾಗುವಂಥವು. ಕೋಟೆಯ ಜಂಬಿಟ್ಟಿಗೆ ಗೋಡೆಯನ್ನು ನಡುಹಗಲಲ್ಲಿ ತೆಗೆದಿದ್ದರೆ ನೆರಳೆಲ್ಲ ಕಪ್ಪುಗಟ್ಟುತ್ತದೆ. ಆ ಅಂತರವನ್ನು ತಗ್ಗಿಸುವ 1ನೆಯ ಸಂಖ್ಯೆಯ ಫಿಲ್ಟರ್ ಹಾಕಿದರೆ ಕಲ್ಲಿನ ತೂತುಗಳು ಮತ್ತೆ ಕಾಣಿಸುತ್ತವೆ. 00 ಸಂಖ್ಯೆಯ ಫಿಲ್ಟರಿನಿಂದ 3½ರವರೆಗೆ ಬೆಳಕಿನ ಅವಧಿ ಹೆಚ್ಚುಕಡಿಮೆ ಒಂದೇ. 4ರಿಂದ ಮೇಲಕ್ಕೆ ಇಮ್ಮಡಿ.

ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮುಚ್ಚಿದ ಮೇಲೆ ಕಾಗದವೆಲ್ಲ ಹೊರದೇಶದಿಂದಲೇ ಬರಬೇಕು, ಬೆಲೆಯೂ ಹಾಗೆಯೇ ಇದೆ. ಜೆಕ್ ದೇಶದ ಫೋಮಾ ಕಂಪನಿಯ ಫೋಮಾಸ್ಪೀಡ್ ವೇರಿಯಂಟ್ ಕೂಡ ಕಲಿಯುವವರಿಗೆ ಒಳ್ಳೆಯ ಆಯ್ಕೆಯೇ. ಯಾವುದನ್ನು ಕೊಂಡರೂ ಬಿಸಿಲಿನಲ್ಲಿ ಪಾರ್ಸಲ್ ಬಿದ್ದಿರದಂತೆ ನೋಡಿಕೊಂಡು, ಗಾಳಿಯಾಡದಂತೆ ಮುಚ್ಚಿ ಫ್ರಿಜ್ಜಿನಲ್ಲಿಡಬೇಕು. ಹೊರತೆಗೆದು ಕೋಣೆಯ ಬಿಸಿಗೆ ಹೊಂದಿಕೊಂಡ ಮೇಲೆಯೇ ಬಿಚ್ಚಬೇಕು. ಹಳೆಯ ಪ್ಯಾಕ್ ಬಗ್ಗೆ ಅನುಮಾನವಿದ್ದರೆ ಬೆಳಕು ಸೋಕದ ಎರಡು ತುಣುಕು ಕತ್ತರಿಸಿ, ಒಂದನ್ನು ನೇರ ಫಿಕ್ಸರಿಗೂ ಇನ್ನೊಂದನ್ನು ಡೆವಲಪರ್ ಮೂಲಕ ಫಿಕ್ಸರಿಗೂ ಹಾಕಿ ಪಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ. ಎರಡನೆಯದು ಮಾಸಲಾಗಿದ್ದರೆ ಆ ಪ್ಯಾಕ್ ಕಾಂಟ್ಯಾಕ್ಟ್ ಶೀಟಿಗೆ, ಅಂದರೆ ನೆಗೆಟಿವ್‌ಗಳನ್ನು ನೇರ ಕಾಗದದ ಮೇಲಿಟ್ಟು ತೆಗೆಯುವ ಸಣ್ಣ ಮಾದರಿ ಪ್ರತಿಗೆ, ಮಾತ್ರ.