ಅಕ್ರೋಟು ಮರದ ಜೋಡುನಳಿಗೆ, ಸಿಂಥೆಟಿಕ್ ಪಂಪ್ ಬಂದೂಕು: ಏಳು ವರ್ಷಗಳ ಬಳಕೆಯ ನಂತರ

ಬೆಳೆ ರಕ್ಷಣೆಯ ಪರವಾನಗಿಯ ಮೇಲೆ ಎರಡು ಬಂದೂಕುಗಳನ್ನು ಇಟ್ಟುಕೊಂಡಿರುವ ನಾನು ಈ ಏಳು ವರ್ಷಗಳಲ್ಲಿ ಎರಡರಿಂದಲೂ ಸೇರಿ ನೂರು ತೋಟಾ ಹಾರಿಸಿರಲಾರೆ. ಆದರೆ ಎರಡನ್ನೂ ನಾಲ್ಕು ಸಲ ಠಾಣೆಗೆ ಒಯ್ದು ಒಪ್ಪಿಸಿ, ನಾಲ್ಕು ಸಲ ಬಿಡಿಸಿಕೊಂಡು ಬಂದಿದ್ದೇನೆ: 2019ರ ಲೋಕಸಭೆ, 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ, 2023ರ ವಿಧಾನಸಭೆ, 2024ರ ಲೋಕಸಭೆ. ಚುನಾವಣೆ ಘೋಷಣೆಯಾದ ವಾರದೊಳಗೆ ಒಪ್ಪಿಸಿದ ಬಂದೂಕು ಮರಳಿ ಕೈಗೆ ಬರುವ ಹೊತ್ತಿಗೆ ಎರಡು ತಿಂಗಳಾದರೂ ಆಗಿರುತ್ತದೆ. ಆದ್ದರಿಂದ ಕೊಪ್ಪಳ ಜಿಲ್ಲೆಯ ರೈತನೊಬ್ಬ ಬಂದೂಕಿನ ವಿಮರ್ಶೆ ಬರೆಯಲು ಕುಳಿತರೆ, ಗುಂಡು ಎಷ್ಟು ದೂರ ಹೋಗುತ್ತದೆ ಎನ್ನುವುದಕ್ಕಿಂತ, ಯಾರೂ ಮುಟ್ಟದೆ ಗೋಡೆಗೆ ಆನಿಕೊಂಡು ನಿಂತ ಬಂದೂಕು ಯಾವ ಸ್ಥಿತಿಯಲ್ಲಿ ಮನೆಗೆ ಬರುತ್ತದೆ ಎನ್ನುವುದನ್ನೇ ಮೊದಲು ಹೇಳಬೇಕಾಗುತ್ತದೆ.

ಮೊದಲನೆಯದು ನಮ್ಮ ಅಜ್ಜನದು. ತುಂಗಭದ್ರಾ ಅಣೆಕಟ್ಟಿನ ಕೆಲಸಕ್ಕೆಂದು ಬಂದಿದ್ದ ಎಂಜಿನಿಯರೊಬ್ಬರು, 1953ರಲ್ಲಿ ಕೆಲಸ ಮುಗಿದು ಊರು ಬಿಡುವಾಗ ಅಜ್ಜನಿಗೆ ಮಾರಿದ ಇಂಗ್ಲೆಂಡಿನ ಜೋಡುನಳಿಗೆ. ನಳಿಗೆಗಳ ಕೆಳಭಾಗದಲ್ಲಿ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯದ ಮುದ್ರೆಗಳಿವೆ. ಕಿರೀಟದ ಕೆಳಗೆ ಎನ್‌ಪಿ ಎಂಬ ಅಕ್ಷರಗಳಿರುವ ಮುದ್ರೆ, ಅದು ಹೊಗೆಯಿಲ್ಲದ ಮದ್ದಿಗೆ ತಡೆಯುವ ನಳಿಗೆ ಎಂದು ಹೇಳುತ್ತದೆ. ತೋಟಾ ಸಿಡಿಯುವಂತೆ ಹೊಡೆಯುವ ಕುದುರೆಗಳು ಹೊರಗೆ ಕಾಣುವುದಿಲ್ಲ. ಅದೇ ಊರಿನಲ್ಲಿ 1875ರಲ್ಲಿ ಆನ್ಸನ್ ಮತ್ತು ಡೀಲಿ ಎಂಬಿಬ್ಬರು ರೂಪಿಸಿದ ಮಾದರಿಯಂತೆ ಅವು ಒಳಗೇ ಅಡಗಿದ್ದು, ನಳಿಗೆಯನ್ನು ಮಡಚಿದಾಗ ತಾವಾಗಿಯೇ ಏರಿಕೊಳ್ಳುತ್ತವೆ. ಎರಡನೆಯದು 2018ರ ಕೊನೆಯಲ್ಲಿ, ಆ ವರ್ಷದ ಶೇಂಗಾ ಮಾರಿದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಸುರಿದು ಬಳ್ಳಾರಿಯಲ್ಲಿ ಕೊಂಡ, ಭುಜಕ್ಕೆ ಆನಿಸುವ ಬುಡ ಕಪ್ಪು ಸಿಂಥೆಟಿಕ್ಕಿನದಾಗಿರುವ, ನಳಿಗೆಯ ಕೆಳಗಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ಏರಿಸುವ ಪಂಪ್ ಬಂದೂಕು. ತಯಾರಿಸಿದವರ ಹೆಸರನ್ನು ಬರೆಯುವುದಿಲ್ಲ. ಮುಂದೆ ಓದಿದರೆ ಕಾರಣ ತಿಳಿಯುತ್ತದೆ. ಒಬ್ಬರಿಗೆ ಎರಡೇ ಬಂದೂಕು ಎಂಬ ಮಿತಿ 2019ರ ತಿದ್ದುಪಡಿಯಿಂದ ಬಂದಿದೆ, ಮೊದಲು ಮೂರಿತ್ತು. ಹಾಗಾಗಿ ಇವೆರಡರಲ್ಲಿ ಒಂದನ್ನು ಬಿಡದೆ ನಾನು ಇನ್ನೊಂದನ್ನು ಕೊಳ್ಳುವಂತಿಲ್ಲ.

ಇನ್ನೊಂದು ಮಾತನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ. ನಮ್ಮ ಹೊಲಕ್ಕೆ ಗುಡ್ಡದ ಕಡೆಯಿಂದ ಹಂದಿಗಳು ಬರುತ್ತವೆ, ಎರಿಭೂಮಿಯ ಕಡೆಯಿಂದ ಚಿಗರಿಗಳೂ ಬರುತ್ತವೆ. ಎರಡಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ನಾನು ಮಾಡುವುದಿಷ್ಟೇ: ರಾತ್ರಿ ಅಟ್ಟಣಿಗೆಯ ಮೇಲೆ ಕುಳಿತು, ಮೆಕ್ಕೆಜೋಳದಲ್ಲಿ ಸದ್ದಾದಾಗ ಆಕಾಶಕ್ಕೆ ಒಂದು ತೋಟಾ ಹಾರಿಸಿ ಅವುಗಳನ್ನು ಓಡಿಸುವುದು.

ಆ ಕೆಲಸಕ್ಕೆ ಮೊದಲ ನಾಲ್ಕು ವರ್ಷ ಸಿಂಥೆಟಿಕ್ ಬಂದೂಕಿನಷ್ಟು ಅನುಕೂಲವಾದ ವಸ್ತು ಇನ್ನೊಂದಿಲ್ಲ ಎಂದೇ ನಾನು ತಿಳಿದಿದ್ದೆ. ಗಾಜಿನ ಎಳೆ ಬೆರೆಸಿದ ನೈಲಾನನ್ನು ಕರಗಿಸಿ ಅಚ್ಚಿಗೆ ಒತ್ತಿ ತೆಗೆದ ಬುಡವದು. ಮಳೆಯಲ್ಲಿ ಉಬ್ಬುವುದಿಲ್ಲ, ಮೇ ತಿಂಗಳ ಬಿಸಿಲಿನಲ್ಲಿ ಒಣಗಿ ಸೀಳುವುದಿಲ್ಲ. ಒಮ್ಮೆ ಖಾಲಿ ಬಂದೂಕು ಅಟ್ಟಣಿಗೆಯಿಂದ ಜಾರಿ, ಹತ್ತು ಅಡಿ ಕೆಳಗೆ ಬದುವಿನ ಕಲ್ಲಿನ ಮೇಲೆ ಬಿದ್ದರೂ ಬುಡದಲ್ಲಿ ಒಂದು ಗೀರು ಕಾಣಲಿಲ್ಲ. ಕೆಸರಾದರೆ ಒದ್ದೆ ಬಟ್ಟೆಯಿಂದ ಒರೆಸಿದರೆ ಮುಗಿಯಿತು. 1959ರಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪನಿ ನೈಲಾನ್ ಬುಡದ ಬಂದೂಕನ್ನು ಮಾರುಕಟ್ಟೆಗೆ ತಂದಾಗ ಜನ ಅದನ್ನು ಆಟಿಕೆ ಎಂದು ನಕ್ಕಿರಬಹುದು, ನಾನು ನಗಲಿಲ್ಲ. ಆದರೆ ನನ್ನ ಬಂದೂಕಿನ ಬುಡ ಒಳಗೆ ಪೊಳ್ಳು. ಕತ್ತಲಲ್ಲಿ ಅಟ್ಟಣಿಗೆಯ ಕಂಬಕ್ಕೆ ತಾಗಿದರೆ ಖಾಲಿ ಡಬ್ಬಿ ಬಡಿದಂತೆ ಸದ್ದಾಗುತ್ತದೆ. ತೂಕವೂ ಮುಂಭಾಗಕ್ಕೇ ಹೆಚ್ಚು ಇರುವುದರಿಂದ, ಅರ್ಧ ಗಂಟೆ ಮಡಿಲಲ್ಲಿಟ್ಟುಕೊಂಡರೆ ಎಡಗೈ ಜೋಮು ಹಿಡಿಯುತ್ತದೆ. ಇವು ಸಣ್ಣ ದೂರುಗಳು.

ಹಳೆಯದರ ಮಾತು ಬಂದರೆ ನನ್ನ ಬರಹ ಉದ್ದವಾಗುತ್ತದೆ, ಓದುಗರು ಸಹಿಸಿಕೊಳ್ಳಬೇಕು. ಅದನ್ನು ಮುಚ್ಚುವಾಗ ಬರುವ ಸದ್ದು ಗೋದ್ರೇಜ್ ಕಪಾಟಿನ ಬಾಗಿಲಿನಂತಲ್ಲ, ಒಳ್ಳೆಯ ಅಡಕೊತ್ತು ಕೂಡಿದಂತೆ. ಉಕ್ಕಿನ ಎರಡು ಭಾಗಗಳ ನಡುವೆ ಸಿಗರೇಟಿನ ಹಾಳೆಯೂ ತೂರುವುದಿಲ್ಲ. ಯಂತ್ರದಿಂದ ಆದದ್ದಲ್ಲ ಅದು. ಕೆಲಸಗಾರನು ಒಂದು ಭಾಗಕ್ಕೆ ದೀಪದ ಹೊಗೆಯ ಮಸಿ ಹಿಡಿಸಿ, ಇನ್ನೊಂದರ ಜೊತೆ ಕೂಡಿಸಿ ತೆರೆದು, ಮಸಿ ಎಲ್ಲೆಲ್ಲಿ ಅಂಟಿದೆಯೋ ಅಷ್ಟನ್ನು ಮಾತ್ರ ಅರದಿಂದ ಉಜ್ಜಿ, ಮತ್ತೆ ಮಸಿ ಹಿಡಿಸಿ, ಮೈಯೆಲ್ಲ ಒಂದೇ ಸಮನಾಗಿ ಕೂಡುವವರೆಗೆ ಹೀಗೆ ಮಾಡುತ್ತಲೇ ಹೋಗುತ್ತಾನೆ. ಮರದ ಬುಡವನ್ನು ಉಕ್ಕಿಗೆ ಹೊಂದಿಸುವುದೂ ಹೀಗೆಯೇ. ಆ ಎಂಜಿನಿಯರ್ ನನ್ನಷ್ಟೇ ಎತ್ತರದವರಿದ್ದಿರಬೇಕು. ಬಂದೂಕನ್ನು ಎತ್ತಿ ಭುಜಕ್ಕೆ ಆನಿಸಿದರೆ ಕೆನ್ನೆ ತಾನಾಗಿಯೇ ಮರದ ಮೇಲೆ ಕೂಡುತ್ತದೆ, ಕಣ್ಣು ತಾನಾಗಿಯೇ ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಓಡುತ್ತದೆ. ಹೊಸದರಲ್ಲಿ ಕೆನ್ನೆಯನ್ನು ನಾನೇ ಹುಡುಕಿ ಇಡಬೇಕು.

ಅದರ ಬುಡಕ್ಕೆ ಎಣ್ಣೆ ಹಿಡಿಸುವುದು ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಬಂದ ಪದ್ಧತಿ. ಗಾಣದಲ್ಲಿ ಹಿಂಡಿದ ಅಗಸೆ ಎಣ್ಣೆ ತಂದು, ಅಂಗೈಯಲ್ಲಿ ನಾಲ್ಕೇ ಹನಿ ಹಾಕಿಕೊಂಡು, ಎರಡೂ ಕೈಗಳನ್ನು ಬೆಚ್ಚಗಾಗುವಂತೆ ತಿಕ್ಕಿ, ಆ ಬಿಸಿಯಲ್ಲೇ ಮರದ ಮೇಲೆ ಎಳೆಯ ಗುಂಟ ಉಜ್ಜಬೇಕು. ಹೆಚ್ಚು ಹಾಕಿದರೆ ಕೆಟ್ಟಿತು. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುವ ಎಣ್ಣೆ, ದಪ್ಪವಾಗಿ ಉಳಿದದ್ದು ಕೆನೆಗಟ್ಟಿ ಅಂಟಂಟಾಗುತ್ತದೆ. ಕಾಲು ಗಂಟೆ ಉಜ್ಜಿದ ಮೇಲೆ ಮರದೊಳಗಿನ ಕಪ್ಪು ಗೆರೆಗಳು, ಒಲೆಯ ಹೊಗೆಯಂತೆ ಸುತ್ತಿಕೊಂಡಿರುವವು, ಒಂದೊಂದಾಗಿ ಮೇಲೆ ಬರುತ್ತವೆ. ಒಣಗಲು ನಮ್ಮ ಬಿಸಿಲಿನಲ್ಲಿಯೂ ಮೂರು ನಾಲ್ಕು ದಿನ ಬೇಕು. ಅಷ್ಟು ದಿನ ಪಡಸಾಲೆಯೆಲ್ಲ ಅದೇ ವಾಸನೆ. "ರೊಟ್ಟಿಗೆ ಅಗಸಿ ಹಿಂಡಿ ಇಲ್ಲ, ಬಂದೂಕಿಗೆ ಅಗಸಿ ಎಣ್ಣಿ ಐತಿ" ಎಂಬುದು ನನ್ನ ಹೆಂಡತಿಯ ಪ್ರತಿವರ್ಷದ ಮಾತು.

ಪ್ರತಿವರ್ಷದ್ದು ಎಂದೆ, ಅದು ಪೂರ್ತಿ ನಿಜವಲ್ಲ. ಹೊಸದು ಬಂದ ಮೇಲೆ ಈ ಕೆಲಸ ತಪ್ಪಿಹೋಯಿತು. ಹಳೆಯದು ಕಪಾಟಿನಲ್ಲಿ ನಿಂತಿತು, ನೆನಪಾದಾಗಲೊಮ್ಮೆ ಅದರ ಉಕ್ಕಿನ ಭಾಗಕ್ಕೆ ಡಬ್ಬಿಯ ಯಂತ್ರದೆಣ್ಣೆಯನ್ನು ಸಿಂಪಡಿಸಿ ಬಾಗಿಲು ಹಾಕುತ್ತಿದ್ದೆ. 2023ರ ಚುನಾವಣೆ ಮುಗಿದು ಜೂನ್ ತಿಂಗಳಲ್ಲಿ ಬಿಡಿಸಿಕೊಂಡು ಬಂದಾಗ, ಮರವು ಉಕ್ಕನ್ನು ಕೂಡುವಲ್ಲಿಂದ ಹೊರಟು ಕೈಹಿಡಿಯ ಕತ್ತಿನವರೆಗೆ ಬೆರಳುದ್ದದ ಸೀಳು ಬಿಟ್ಟಿತ್ತು. ಠಾಣೆಯವರು ಎತ್ತಿ ಹಾಕಿದ್ದಾರೆ ಎಂದು ನಾನು ವಾರವಿಡೀ ಸಿಕ್ಕಸಿಕ್ಕವರ ಮುಂದೆ ಬೈದುಕೊಂಡು ತಿರುಗಿದೆ. ಸಿಂಥೆಟಿಕ್ ಬಂದೂಕು ಮಾತ್ರ ಒಯ್ದ ಹಾಗೆಯೇ ಬಂದಿತ್ತು; ಮರದ ಕಾಲ ಮುಗಿಯಿತು ಎಂದು ಈ ವಿಮರ್ಶೆಯನ್ನು ಆಗಲೇ ಬರೆದಿದ್ದರೆ ಅದರ ತೀರ್ಪು ಎರಡು ಸಾಲಿನದಾಗಿರುತ್ತಿತ್ತು.

ಪರವಾನಗಿ ಇರುವ ಹಿರಿಯ ದುರಸ್ತಿಗಾರರೊಬ್ಬರ ಬಳಿ ಅದನ್ನು ಒಯ್ದೆ. ಅವರು ತಿರುಪುಗಳನ್ನು ಬಿಚ್ಚಿ ಬುಡವನ್ನು ಬೇರೆ ಮಾಡಿ, ಸೀಳಿದ ಬಾಯನ್ನು ನನ್ನ ಮೂಗಿನ ಹತ್ತಿರ ಹಿಡಿದರು. "ವಾಸನಿ ನೋಡ್ರಿ ಗೌಡ್ರ. ಇದು ಬಿದ್ದು ಒಡದದ್ದಲ್ಲ, ಎಣ್ಣಿ ಕುಡದು ಮೆತ್ತಗಾಗಿ ಸೀಳಿದ್ದು" ಎಂದರು. ಮರದ ಆ ತುದಿ ಹಳೆಯ ಡಾಂಬರಿನಂತೆ ಕಪ್ಪಾಗಿತ್ತು, ಉಗುರು ಒತ್ತಿದರೆ ಗುರುತು ಮೂಡುತ್ತಿತ್ತು. ಬಂದೂಕನ್ನು ನಳಿಗೆ ಮೇಲಾಗಿ ನಿಲ್ಲಿಸಿದರೆ, ಉಕ್ಕಿಗೆ ಹಾಕಿದ ಯಂತ್ರದೆಣ್ಣೆಯೆಲ್ಲ ನಿಧಾನವಾಗಿ ಕೆಳಗಿಳಿದು ಮರದ ತಲೆಗೆ ಸೇರುತ್ತದೆ. ಅಗಸೆ ಎಣ್ಣೆಯಂತೆ ಅದು ಗಟ್ಟಿಯಾಗುವುದಿಲ್ಲ, ವರ್ಷಗಟ್ಟಲೆ ಒಳಗೇ ಉಳಿದು ನಾರನ್ನು ಸಡಿಲಿಸುತ್ತದೆ. ಅದೇ ಹೊತ್ತಿಗೆ ಆರೈಕೆಯಿಲ್ಲದ ಉಳಿದ ಮರ ನಮ್ಮ ಒಣ ಹವೆಗೆ ಕುಗ್ಗಿರುತ್ತದೆ. ಆ ಮೇಲೆ ಒಂದು ತೋಟಾ ಹಾರಿಸಿದರೂ ಸಾಕು, ಹಿಂದೊದೆತದ ಪೆಟ್ಟು ಬೀಳುವುದು ಆ ತುದಿಯ ಮೇಲೆಯೇ. ನಾಲ್ಕು ವರ್ಷ ಅದನ್ನು ನಳಿಗೆ ಮೇಲಾಗಿ ನಿಲ್ಲಿಸಿದವನೂ, ಸುಲಭವೆಂದು ಯಂತ್ರದೆಣ್ಣೆ ಸುರಿದವನೂ ನಾನೇ. ಠಾಣೆಯವರಿಗೆ ಬೈದದ್ದನ್ನು ಮನಸ್ಸಿನಲ್ಲೇ ಹಿಂತೆಗೆದುಕೊಂಡೆ.

ದುರಸ್ತಿಗೆ ಒಂದೂವರೆ ತಿಂಗಳು ಹಿಡಿಯಿತು. ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲಸಿ ಮರದ ತುದಿಗೆ ಮೆತ್ತಿ, ಎಣ್ಣೆ ಹೀರಿ ಹಳದಿಯಾದ ಪುಡಿಯನ್ನು ಕೊಡವಿ, ಹೊಸದನ್ನು ಮೆತ್ತಿ, ಪುಡಿ ಬೆಳ್ಳಗೇ ಉದುರುವವರೆಗೆ ಹೀಗೆ ಮಾಡಿದ ಮೇಲೆ ಎಪಾಕ್ಸಿ ಅಂಟು ತುಂಬಿ, ಒಳಗೊಂದು ಹಿತ್ತಾಳೆಯ ಮೊಳೆ ಕೂಡಿಸಿದರು. ನಾಲ್ಕೂವರೆ ಸಾವಿರ ರೂಪಾಯಿ ತೆಗೆದುಕೊಂಡರು. ಸೀಳು ಎಲ್ಲಿತ್ತು ಎಂದು ಗೊತ್ತಿದ್ದವರಿಗೆ ಮಾತ್ರ ಈಗ ಕಾಣುತ್ತದೆ. ಅಂದಿನಿಂದ ಕಪಾಟಿನಲ್ಲಿ ಅದು ನಳಿಗೆ ಕೆಳಗಾಗಿ, ಮೆತ್ತನೆಯ ಬಟ್ಟೆಯ ಮೇಲೆ ನಿಲ್ಲುತ್ತದೆ. ತೋಟಾಗಳು ಬೇರೆ ಕೋಣೆಯ ಬೇರೆ ಬೀಗದಲ್ಲಿರುತ್ತವೆ. ತೋಟಾದ ಬಗ್ಗೆಯೂ ಅವರು ಎಚ್ಚರಿಸಿದರು: ಹಳೆಯ ಇಂಗ್ಲಿಷ್ ಬಂದೂಕುಗಳ ತೋಟಾ ಕೂಡುವ ಗೂಡು ಬಹುಮಟ್ಟಿಗೆ 65 ಮಿಲಿಮೀಟರಿನದು. 70ರ ತೋಟಾವೂ ಅದರೊಳಗೆ ಸಲೀಸಾಗಿ ಕೂಡುತ್ತದೆ, ಏಕೆಂದರೆ ಆ ಅಳತೆ ಹಾರಿದ ಮೇಲೆ ಬಾಯಿ ಬಿಚ್ಚಿದ ತೋಟಾದ್ದು. ಹಾರುವಾಗ ಬಿಚ್ಚಿಕೊಳ್ಳಲು ಜಾಗವಿಲ್ಲದೆ ನಳಿಗೆಯೊಳಗಿನ ಒತ್ತಡ ಏರುತ್ತದೆ. ಅಜ್ಜನ ಬಂದೂಕು ಇದ್ದವರು ಅಂಗಡಿಯವನು ಕೊಟ್ಟ ಪೆಟ್ಟಿಗೆಯ ಮೇಲಿನ ಅಳತೆಯನ್ನು ಓದದೆ ಮನೆಗೆ ತರಬಾರದು.

ಇತ್ತ ಸಿಂಥೆಟಿಕ್ ಬಂದೂಕಿಗೆ ಬಂದ ರೋಗ ಬೇರೆ. ಅದರ ಬುಡದ ನೈಲಾನಿನ ಮೇಲೆ, ಕೈಗೆ ಮೆತ್ತಗೆ ಹತ್ತಲೆಂದು, ರಬ್ಬರಿನಂತಹ ಒಂದು ಲೇಪವಿದೆ. ಕೊಳ್ಳುವಾಗ ನಾನು ಮೆಚ್ಚಿ ಸವರಿದ್ದು ಅದನ್ನೇ. ಐದನೆಯ ಬೇಸಿಗೆಯಲ್ಲಿ ಆ ಲೇಪ ಜಿಗುಟಾಗತೊಡಗಿತು; ಸೆಕೆ, ಬೆವರು, ಗಾಳಿಯ ತೇವಗಳಿಗೆ ಅದು ಒಳಗಿಂದಲೇ ಕಳಚಿಕೊಳ್ಳುತ್ತದಂತೆ, ಹಳೆಯ ಟಾರ್ಚು, ರೇಡಿಯೋಗಳ ಮೈ ಅಂಟಾಗುವುದೂ ಇದರಿಂದಲೇ. ಹಿಡಿದರೆ ಆರಿದ ಬೆಲ್ಲದ ಪಾಕ ಮುಟ್ಟಿದಂತೆ. ಆ ವರ್ಷದ ಖಂಡೇನವಮಿಗೆ ಎರಡೂ ಬಂದೂಕುಗಳನ್ನು ಒರೆಸಿ, ನೇಗಿಲು, ಕುಡುಗೋಲುಗಳ ಜೊತೆ ಇಟ್ಟು ಪೂಜೆ ಮಾಡಿದೆವು. ಅಕ್ರೋಟಿನ ಮೇಲಿನ ಕುಂಕುಮ ಮರುದಿನ ಬನ್ನಿ ತರಲು ಹೊರಡುವಷ್ಟರಲ್ಲಿ ಉದುರಿತ್ತು. ಸಿಂಥೆಟಿಕ್ಕಿನ ಮೇಲಿನದು ಒಳಗೆ ಹೂತುಕೊಂಡು, ಎಷ್ಟು ಒರೆಸಿದರೂ ಕೆಂಪು ಕಲೆಯಾಗಿ ಉಳಿದಿದೆ. ಹಂದಿಯ ಕಾವಲಿಗೆ ಹೋದರೆ ಹುಲ್ಲಿನ ಎಸಳು, ಜೋಳದ ದೂಳು, ಒಮ್ಮೆ ಒಂದು ಜೀವಂತ ದೀಪದ ಹುಳ ಸಹ ಅಂಟಿಕೊಂಡು ಮನೆಗೆ ಬಂದಿದ್ದವು.

ತಯಾರಕರಿಗೆ ಬರೆದಾಗ ಬಂದ ಉತ್ತರದಲ್ಲಿ ಆ ಮಾದರಿಯ ತಯಾರಿಕೆ ನಿಂತಿದೆ, ಬುಡ ಬಿಡಿಯಾಗಿ ದೊರೆಯುವುದಿಲ್ಲ, ಲೇಪವು ಖಾತರಿಗೆ ಒಳಪಡುವುದಿಲ್ಲ ಎಂದಿತ್ತು. ಹಿರಿಯ ದುರಸ್ತಿಗಾರರು ಅದನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿ, "ಇದಕ್ಕ ನನ್ನ ಕಡೆ ಔಷಧ ಇಲ್ರಿ" ಎಂದು ತಿರುಗಿ ಇಟ್ಟರು. ಸ್ಪಿರಿಟ್ ಹಚ್ಚಿ ತಿಕ್ಕಿದರೆ ಲೇಪ ಕಪ್ಪು ಗೊಜ್ಜಿನಂತೆ ಕಿತ್ತುಬರುತ್ತದೆ. ಒಂದು ಭಾನುವಾರ ಕುಳಿತು ಕೈಹಿಡಿಯ ಭಾಗವನ್ನಷ್ಟು ಕಿತ್ತೆ, ಒಳಗಿನ ನೈಲಾನ್ ಹೊಸದರಂತೆಯೇ ಗಟ್ಟಿಯಾಗಿದೆ. ಆದರೆ ಬೆವರಿದ ಕೈಗೆ ಜಾರುತ್ತದೆ. ಹಾಗಾಗಿ ಅಲ್ಲಿಗೆ ಕ್ರಿಕೆಟ್ ಬ್ಯಾಟಿನ ಹಿಡಿಗೆ ಸುತ್ತುವ ಪಟ್ಟಿಯನ್ನು ಸುತ್ತಿದ್ದೇನೆ. ಉಳಿದದ್ದನ್ನು ಕೀಳುವ ತಾಳ್ಮೆ ಇನ್ನೂ ಬಂದಿಲ್ಲ.

ಇಷ್ಟಾದರೂ ಮಳೆಗಾಲದ ರಾತ್ರಿ ಅಟ್ಟಣಿಗೆಗೆ ನಾನು ಒಯ್ಯುವುದು ಅದನ್ನೇ. ಅಜ್ಜನದನ್ನು ಕೆಸರಿಗೆ ಇಳಿಸಲು ಮನಸ್ಸು ಬರುವುದಿಲ್ಲ, ಅದು ಹಿಂಗಾರಿಯ ಒಣ ದಿನಗಳಿಗೆ ಮೀಸಲು. ಹೊಸದಾಗಿ ಕೊಳ್ಳುವ ರೈತರಿಗೂ ಸಿಂಥೆಟಿಕ್ಕನ್ನೇ ಕೊಳ್ಳಿ ಎನ್ನುತ್ತೇನೆ, ಏಕೆಂದರೆ ಆ ಬಗೆಯ ಇಂಗ್ಲಿಷ್ ಬಂದೂಕು ಇಂದು ಯಾರಾದರೂ ಮಾರಿದರೆ ಮಾತ್ರ ಸಿಗುತ್ತದೆ, ಮಾರುವವರು ಕೇಳುವ ಬೆಲೆಗೆ ಒಂದು ಜೋಡಿ ಎತ್ತು ಬರುತ್ತವೆ. ಕೊಳ್ಳುವ ಮುನ್ನ ಬುಡಕ್ಕೆ ಹೆಬ್ಬೆರಳನ್ನು ಒತ್ತಿ ಹಿಡಿದು ಎಳೆಯಿರಿ. ಚರ್ಮಕ್ಕೆ ಮೆತ್ತಗೆ ಹತ್ತಿದಂತಾದರೆ ಆ ಮಾದರಿ ಬೇಡ, ಗಡುಸಾಗಿ ಜಾರಿದರೆ ಕೊಳ್ಳಿ. ಮತ್ತೊಂದು ಮಾತು, ಬರೆಯಲು ಸ್ವಲ್ಪ ಸಂಕೋಚವಾಗುತ್ತದೆ: ಎರಡೂ ಬಂದೂಕು ಠಾಣೆಯಲ್ಲಿದ್ದ ಬೇಸಿಗೆಗಳಲ್ಲಿ ನಾವು ಪಟಾಕಿ ಹೊಡೆದು, ಎಣ್ಣೆ ಡಬ್ಬಿ ಬಡಿದು ಕಾವಲು ಕಾದಿದ್ದೇವೆ, ಹಂದಿಗಳು ಅದಕ್ಕೂ ಅಷ್ಟೇ ವೇಗವಾಗಿ ಓಡಿವೆ.

2024ರ ಮಾರ್ಚಿನಲ್ಲಿ ಒಪ್ಪಿಸಲು ಹೋದಾಗ ಬರೆದುಕೊಳ್ಳುತ್ತಿದ್ದ ಪೇದೆ ಸಿಂಥೆಟಿಕ್ಕನ್ನು ಹಿಡಿದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ರಸೀದಿಯಲ್ಲಿ ವಸ್ತುವಿನ ಸ್ಥಿತಿ ಎಂಬಲ್ಲಿ "ಜಿಗುಟಾಗಿದೆ" ಎಂದು ಬರೆದರು. ಜೋಡುನಳಿಗೆಯ ಎದುರು "ಸರಿಯಾಗಿದೆ" ಎಂದಿತ್ತು. ನಳಿಗೆ ಕೆಳಗಾಗಿ ನಿಲ್ಲಿಸಿರಿ ಎಂದು ಕೇಳಿಕೊಂಡೆ, ನಕ್ಕರು, ಆದರೆ ಹಾಗೆಯೇ ನಿಲ್ಲಿಸಿದ್ದರು. ಮತದಾನ ಮೇ 7ರಂದು ನಡೆಯಿತು, ಎಣಿಕೆಯಾದ ಮೇಲೆ ಜೂನ್‌ನಲ್ಲಿ ಬಿಡಿಸಿಕೊಂಡು ಬಂದೆ. ಎರಡಕ್ಕೂ ಒಂದೊಂದು ಸಂಖ್ಯೆಯ ಚೀಟಿ ಹಚ್ಚಿದ್ದರು. ಮರದ ಮೇಲಿನ ಚೀಟಿ ಮನೆಗೆ ಬರುವ ದಾರಿಯಲ್ಲಿ ಎಲ್ಲೋ ಉದುರಿಹೋಯಿತು. ಸಿಂಥೆಟಿಕ್ಕಿನ ಮೇಲಿನದು ಇಂದಿಗೂ ಇದೆ, 47 ಎಂಬ ಅಂಕಿ ಸ್ಪಷ್ಟವಾಗಿ ಓದಲು ಬರುತ್ತದೆ.