ತೂಕ ನೋಡಿ ಗ್ರೇಹೌಂಡ್‌ಗೆ ರೇನ್‌ಕೋಟ್ ಕೊಳ್ಳಬೇಡಿ: ನಮ್ಮ ಚುಕ್ಕಿಗೆ ಆದದ್ದು

ಹೋದ ತಿಂಗಳು ನಮ್ಮ ಚುಕ್ಕಿಗೆ 11 ಹೊಲಿಗೆ ಹಾಕಿಸಬೇಕಾಯಿತು. ಹಿಂಗಾಲಿನ ತೊಡೆ ಹೊಟ್ಟೆಗೆ ಸೇರುವ ಜಾಗದಲ್ಲಿ ಚರ್ಮ ಹರಿದುಹೋಗಿತ್ತು. ಅದಕ್ಕೆ ಕಾರಣ ನಾನೇ ಕೊಂಡು ತಂದು, ನಾನೇ ತೊಡಿಸಿದ ರೇನ್‌ಕೋಟ್. ಚುಕ್ಕಿ ನಾಲ್ಕು ವರ್ಷದ ಗ್ರೇಹೌಂಡ್. ವಿಪೆಟ್, ಸಲೂಕಿ, ಮುಧೋಳ, ಹೀಗೆ ಎದೆ ಆಳವಾಗಿ ಸೊಂಟ ಸಣ್ಣಗಿರುವ ಯಾವ ನಾಯಿ ಇದ್ದವರಿಗೂ ಇದೇ ಆಗಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಕೋಟು ಕೊಳ್ಳುವಾಗ ನಾನು ನೋಡಿದ್ದು ತೂಕ ಮಾತ್ರ. ಚುಕ್ಕಿ 28 ಕಿಲೋ. ಪ್ಯಾಕೆಟ್ ಮೇಲೆ 25ರಿಂದ 30 ಕಿಲೋ ನಾಯಿಗೆ ಲಾರ್ಜ್ ಅಂತ ಇತ್ತು. ಅಂಗಡಿಯವರೂ ಅದನ್ನೇ ತೆಗೆದುಕೊಟ್ಟರು. ಆದರೆ 28 ಕಿಲೋ ಲ್ಯಾಬ್ರಡಾರ್‌ನ ಮೈಕಟ್ಟೇ ಬೇರೆ, 28 ಕಿಲೋ ಗ್ರೇಹೌಂಡ್‌ನ ಮೈಕಟ್ಟೇ ಬೇರೆ. ಲ್ಯಾಬ್ರಡಾರ್ ಮೈ ಹೆಚ್ಚುಕಮ್ಮಿ ಒಂದೇ ಸಮ ದುಂಡಗಿರುತ್ತದೆ. ಗ್ರೇಹೌಂಡ್‌ಗೆ ಎದೆಗೂಡು ಕೆಳಗೆ ಇಳಿದಿರುತ್ತದೆ, ಅಲ್ಲಿಂದ ಹೊಟ್ಟೆ ಥಟ್ಟನೆ ಮೇಲಕ್ಕೆ ಸೇದಿಕೊಂಡಿರುತ್ತದೆ. ಬೆನ್ನು ಉದ್ದ, ಕುತ್ತಿಗೆಯೂ ಉದ್ದ. ಎಲ್ಲ ಆದಮೇಲೆ ಟೇಪು ಹಿಡಿದು ಅಳೆದೆ. ಚುಕ್ಕಿಯ ಎದೆ ಸುತ್ತಳತೆ 73 ಸೆಂ.ಮೀ., ಸೊಂಟ ಬರೀ 49. ಒಂದೇ ಮೈಯಲ್ಲಿ 24 ಸೆಂ.ಮೀ. ವ್ಯತ್ಯಾಸ! ಆ ಕೋಟಿನ ಪಟ್ಟಿ ಇದ್ದದ್ದು ಸರಿಯಾಗಿ ಸೊಂಟದ ಹತ್ತಿರ.

ಎಷ್ಟು ಬಿಗಿ ಮಾಡಿದರೂ ಅದು ನಿಲ್ಲುತ್ತಿರಲಿಲ್ಲ. ಚುಕ್ಕಿ ನಿಂತಿದ್ದಾಗ ಸರಿಯಾಗೇ ಕಾಣುತ್ತಿತ್ತು. ನಾಲ್ಕು ಹೆಜ್ಜೆ ನಡೆದರೆ ಪಟ್ಟಿ ಹಿಂದಕ್ಕೆ ಜಾರಿ, ಹೊಟ್ಟೆಯ ಕೆಳಗೆ ಜೋತುಬೀಳುತ್ತಿತ್ತು. ನಾನು ಆಗಾಗ ಬಗ್ಗಿ ಎಳೆದು ಸರಿಮಾಡುತ್ತಿದ್ದೆ. ಅಷ್ಟು ಹೊತ್ತಿಗೇ ಆ ಕೋಟನ್ನು ತೆಗೆದಿಡಬೇಕಿತ್ತು.

ಆ ಸಂಜೆ ಸಣ್ಣಗೆ ಹನಿಯುತ್ತಿತ್ತು. ಸುತ್ತ ಬೇಲಿ ಇರುವ ಮೈದಾನ, ಬೇರೆ ನಾಯಿಗಳೂ ಇರಲಿಲ್ಲ. ಐದು ನಿಮಿಷ ಓಡಲಿ ಅಂತ ಕೋಟು ಬಿಚ್ಚದೆಯೇ ಅವಳನ್ನು ಬಿಟ್ಟೆ. ದೂರದ ಮೂಲೆಯಲ್ಲಿ ಬೆಕ್ಕೊಂದು ಕದಲಿತು. ಚುಕ್ಕಿ ಹೊರಟಳು.

ಇವು ಓಡುವ ರೀತಿ ಗೊತ್ತಿದ್ದರೆ ಮುಂದೆ ಏನಾಯಿತು ಅಂತ ನಿಮಗೇ ಗೊತ್ತಾಗುತ್ತದೆ. ಗ್ರೇಹೌಂಡ್ ಜೋರಾಗಿ ಓಡುವಾಗ ಒಂದೊಂದು ನೆಗೆತದಲ್ಲೂ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಒಮ್ಮೆ ಮೈ ಪೂರ್ತಿ ಚಾಚಿದಾಗ, ಇನ್ನೊಮ್ಮೆ ಮೈ ಮುದುಡಿದಾಗ. ಹಾಗೆ ಮುದುಡಿದಾಗ ಹಿಂಗಾಲುಗಳು ಹೊಟ್ಟೆಯಡಿಯಿಂದ ಬಂದು ಮುಂಗಾಲುಗಳನ್ನೂ ದಾಟಿ ಮುಂದೆ ಬೀಳುತ್ತವೆ. ಜೋತುಬಿದ್ದ ಪಟ್ಟಿ ಸರಿಯಾಗಿ ಆ ದಾರಿಯಲ್ಲೇ ಇತ್ತು. ಹಿಂಗಾಲಿನ ಪಂಜ ಅದರೊಳಗೆ ಸಿಕ್ಕಿತು. ಗಂಟೆಗೆ 60 ಕಿ.ಮೀ. ದಾಟಿ ಓಡಬಲ್ಲ ನಾಯಿ. ಆ ವೇಗದಲ್ಲಿ ಒಂದು ಕಾಲು ಸಿಕ್ಕಿಹಾಕಿಕೊಂಡರೆ ಏನಾಗಬೇಡ? ತಲೆಕೆಳಗಾಗಿ ಎರಡು ಪಲ್ಟಿ ಹೊಡೆದಳು. ಬಕಲ್ ಮುರಿಯಿತು. ಮುರಿದ ಪ್ಲಾಸ್ಟಿಕ್ಕಿನ ಚೂಪು ಅಂಚು ಚರ್ಮ ಸೀಳಿತ್ತು. ಅವಳು ಕಿರುಚಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಗಾಯ ನನ್ನ ಅಂಗೈಯಷ್ಟು ಅಗಲ ಇತ್ತು. ಗ್ರೇಹೌಂಡ್ ಚರ್ಮ ತುಂಬಾ ತೆಳು, ಅದರ ಕೆಳಗೆ ಕೊಬ್ಬು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೂದಲೂ ಗಿಡ್ಡ. ಬೇರೆ ನಾಯಿಗೆ ಗೀರು ಬೀಳುವ ಕಡೆ ಇವಕ್ಕೆ ಹರಿದೇ ಹೋಗುತ್ತದೆ. ಇಲ್ಲಿ ಒಂದು ಮಾತು ಹೇಳಲೇಬೇಕು, ರೇನ್‌ಕೋಟ್‌ಗೆ ಸಂಬಂಧವಿಲ್ಲದಿದ್ದರೂ. ಹೊಲಿಗೆಗೆ ಅರಿವಳಿಕೆ ಕೊಡುವ ಮುಂಚೆ ನಾಯಿ ಗ್ರೇಹೌಂಡ್ ಅಂತ ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿ. ಥಯೋಪೆಂಟಾಲ್‌ನಂಥ ಕೆಲವು ಔಷಧಿಗಳು ಇವುಗಳ ಮೈಯಿಂದ ಹೊರಹೋಗಲು ಬಹಳ ಹೊತ್ತು ಬೇಕು, ಎಚ್ಚರವಾಗುವುದು ತಡವಾಗುತ್ತದೆ. ನಮ್ಮ ಡಾಕ್ಟರಿಗೆ ಅದು ಗೊತ್ತಿತ್ತು, ಬೇರೆ ಔಷಧಿ ಬಳಸಿದರು.

ಪಟ್ಟಿಯೊಂದೇ ಅಲ್ಲ, ಆ ಕೋಟಿನಲ್ಲಿ ಬೇರೆ ದೋಷಗಳೂ ಇದ್ದವು. ಅವು ಮೊದಲ ವಾರವೇ ಕಂಡಿದ್ದವು, ನಾನು ಗಮನ ಕೊಡಲಿಲ್ಲ. ಒಂದು ದಿನ ಮುಕ್ಕಾಲು ಗಂಟೆ ಮಳೆಯಲ್ಲಿ ಸುತ್ತಾಡಿ ಬಂದೆವು. ಕೋಟು ಬಿಚ್ಚಿದರೆ ಬೆನ್ನುಮೂಳೆಯ ಉದ್ದಕ್ಕೂ ಒದ್ದೆ. ಎರಡು ತುಂಡು ಬಟ್ಟೆಯನ್ನು ಸರಿಯಾಗಿ ಬೆನ್ನಿನ ನಡುವೆ ಜೋಡಿಸಿ ಹೊಲಿದಿದ್ದರು, ಹೊಲಿಗೆಯ ಒಳಗಡೆ ಟೇಪ್ ಅಂಟಿಸಿರಲಿಲ್ಲ. ಸೂಜಿ ಚುಚ್ಚಿದ ಪ್ರತಿ ತೂತಿನಿಂದಲೂ ನೀರು ಇಳಿದಿತ್ತು. ಒಳಗಿದ್ದ ಮೆತ್ತನೆ ಉಣ್ಣೆಯಂಥ ಲೈನಿಂಗ್ ಆ ನೀರನ್ನೆಲ್ಲ ಕುಡಿದು ಮೈಗೆ ಅಂಟಿಕೊಂಡಿತ್ತು. ಚುಕ್ಕಿ ಗಡಗಡ ನಡುಗುತ್ತಿದ್ದಳು. ಥರ್ಮಾಮೀಟರ್ ಇಟ್ಟರೆ 37.5 ಡಿಗ್ರಿ. ನಾಯಿಗಳಿಗೆ ಸಾಮಾನ್ಯವಾಗಿ 38.3ರಿಂದ 39.2 ಡಿಗ್ರಿ ಇರುತ್ತದೆ. ಕೊಬ್ಬಿಲ್ಲದ ಮೈಗೆ ಒದ್ದೆ ಬಟ್ಟೆ ಸುತ್ತಿಟ್ಟರೆ ಚಳಿ ಹೋಗುವುದಿಲ್ಲ, ಇನ್ನೂ ಒಳಗೆ ಇಳಿಯುತ್ತದೆ. ಸುಮ್ನೆ ಬರಿಮೈಯಲ್ಲಿ ಕರೆದುಕೊಂಡು ಹೋಗಿ, ಬಂದ ತಕ್ಷಣ ಒರೆಸಿದ್ದರೂ ಇದಕ್ಕಿಂತ ವಾಸಿ ಇತ್ತು.

ಪ್ಯಾಕೆಟ್ ಮೇಲೆ ವಾಟರ್ ರೆಸಿಸ್ಟೆಂಟ್ ಅಂತ ಬರೆದಿತ್ತು. ವಾಟರ್‌ಪ್ರೂಫ್ ಅಂದುಕೊಂಡು ತಂದಿದ್ದೆ. ಎರಡೂ ಬೇರೆ. ಮೊದಲನೆಯದು ನಾಲ್ಕು ಹನಿ ತಡೆಯುತ್ತದೆ ಅಷ್ಟೇ. ಮನೆಯಲ್ಲೇ ನೋಡಬಹುದು: ಕೋಟಿನ ಬಟ್ಟೆಯನ್ನು ಬಟ್ಟಲಿನ ಮೇಲೆ ಹರಡಿ, ನಡುವೆ ಹೊಲಿಗೆ ಬರುವ ಹಾಗೆ ಗುಳಿ ಮಾಡಿ, ಒಂದು ಲೋಟ ನೀರು ಹಾಕಿ ಹತ್ತು ನಿಮಿಷ ಬಿಡಿ. ಕೆಳಗೆ ಕೈ ಒತ್ತಿ ನೋಡಿ. ನಾನು ಈಗ ಹೀಗೆ ನೋಡದೆ ಯಾವ ಕೋಟನ್ನೂ ಹಾಕುವುದಿಲ್ಲ. ಹಾಗಂತ ಬರೀ ಪ್ಲಾಸ್ಟಿಕ್ ಹಾಳೆಯಂಥದ್ದೂ ಬೇಡ. ಗಾಳಿಯಾಡದೆ ಒಳಗೆ ತೇವ, ಸೆಖೆ ಎರಡೂ ನಿಲ್ಲುತ್ತವೆ.

ಕಂಕುಳಲ್ಲಿ ಕೆಂಪಾಗಿದ್ದೂ ಆಗಲೇ. ಕೋಟಿನ ಮುಂದಿನ ಅಂಚು ಗಟ್ಟಿಯಾಗಿತ್ತು, ಮುಂಗಾಲು ಆಡುವಾಗಲೆಲ್ಲ ಉಜ್ಜುತ್ತಿತ್ತು. ಒದ್ದೆ ಬಟ್ಟೆ ಉಜ್ಜಿದರೆ ಇನ್ನೂ ಬೇಗ ತರಚುತ್ತದೆ.

ಹೊಸ ಕೋಟು ಆರಿಸುವಾಗ ಮೊದಲು ಅಳತೆ ತೆಗೆದೆ. ಬೆಲ್ಟ್ ಕೂರುವ ಕುತ್ತಿಗೆಯ ಬುಡದಿಂದ ಬಾಲದ ಬುಡದವರೆಗೆ ಬೆನ್ನಿನ ಉದ್ದ: 68 ಸೆಂ.ಮೀ. ಹಳೆಯ ಕೋಟು ಬರೀ 58 ಇತ್ತು, ಹಿಂಭಾಗ ಪೂರ್ತಿ ನೆನೆಯುತ್ತಿದ್ದುದು ಅದಕ್ಕೇ. ಮುಂಗಾಲಿನ ಹಿಂದೆ, ಎದೆ ಅತಿ ಆಳ ಇರುವಲ್ಲಿ ಸುತ್ತಳತೆ. ಕುತ್ತಿಗೆ, ಸೊಂಟ. ನಾಯಿ ನೇರ ನಿಂತಿರಬೇಕು, ತಲೆ ಬಗ್ಗಿಸಿರಬಾರದು. ಮೊದಲು ಬೆನ್ನಿನ ಉದ್ದ ಹೊಂದಬೇಕು. ಎದೆ ಹೆಚ್ಚುಕಮ್ಮಿಯಾದರೆ ಪಟ್ಟಿಯಲ್ಲಿ ಸರಿಮಾಡಬಹುದು, ಬೆನ್ನು ಗಿಡ್ಡವಾದರೆ ಏನೂ ಮಾಡಲಾಗದು.

ಪಟ್ಟಿ ಬರಬೇಕಾದ್ದು ಪಕ್ಕೆಲುಬಿನ ಮೇಲೆ, ಮುಂಗಾಲಿನಿಂದ ನಾಲ್ಕು ಬೆರಳು ಹಿಂದೆ. ಅಗಲ ಪಟ್ಟಿ ಇರಲಿ, ಎರಡು ಬೆರಳು ತೂರುವಷ್ಟು ಬಿಗಿ ಸಾಕು. ಸೊಂಟದಲ್ಲಿ ಪಟ್ಟಿ ಇರುವ ಕೋಟು ಎಷ್ಟೇ ಚೆನ್ನಾಗಿದ್ದರೂ ಈ ಮೈಕಟ್ಟಿನ ನಾಯಿಗೆ ಬೇಡವೇ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕೆಲವರು ಅದನ್ನು ಕತ್ತರಿಸಿ ಮುಂದಕ್ಕೆ ಹೊಲಿಸಿಕೊಳ್ಳುತ್ತಾರೆ, ಅದೂ ಆಗುತ್ತದೆ. ತಲೆಗೆ ಟೋಪಿ ಇರುವುದನ್ನು ಕೊಳ್ಳಬೇಡಿ, ಕಣ್ಣಿಗೆ ಅಡ್ಡ ಬರುತ್ತದೆ. ಕಣ್ಣಿನಿಂದಲೇ ಬೇಟೆ ಹುಡುಕುವ ನಾಯಿಗಳು ಅಲ್ವಾ ಇವು? ಬದಲಿಗೆ ಕುತ್ತಿಗೆ ಮುಚ್ಚುವ ಉದ್ದ ಕಾಲರ್ ಒಳ್ಳೆಯದು. ಹಾರ್ನೆಸ್‌ಗೆ (ಎದೆಗೆ ಕಟ್ಟುವ ಪಟ್ಟಿಗೆ) ಹಗ್ಗ ಸಿಕ್ಕಿಸಲು ಕೋಟಿನಲ್ಲಿ ತೂತು ಇದ್ದರೆ ಅದರ ಮೇಲೊಂದು ಮುಚ್ಚಳ ಇರಲಿ.

ಅಂಗಡಿಯಲ್ಲಿ ನಿಲ್ಲಿಸಿ ನೋಡಿದರೆ ಸಾಲದು. ಮನೆಯೊಳಗೆ ಕೂರಿಸಿ, ಮಲಗಿಸಿ, ನೆಲ ಮೂಸಲು ಬಿಡಿ, ಹತ್ತು ನಿಮಿಷ ನಡೆಸಿ. ಹೆಣ್ಣು ನಾಯಿ ಮೂತ್ರಕ್ಕೆ ಕೂತಾಗ ಕೋಟಿನ ಹಿಂದಿನ ಅಂಚು ನೆನೆಯುತ್ತದಾ, ಗಂಡಿಗೆ ಹೊಟ್ಟೆಯ ಬಟ್ಟೆ ಅಡ್ಡ ಬರುತ್ತದಾ ನೋಡಿ. ಆಮೇಲೆ ಪಟ್ಟಿ ಎಲ್ಲಿತ್ತು, ಈಗ ಎಲ್ಲಿದೆ ಅಂತ ನೋಡಿ. ಮೂರು ಬೆರಳು ಜಾರಿದ್ದರೂ ವಾಪಸ್ ಕೊಟ್ಟುಬಿಡಿ. ಇಷ್ಟೆಲ್ಲ ಸರಿಯಿದ್ದರೂ ಕೋಟು ನಡೆಯುವಾಗ ಮಾತ್ರ. ಓಡಲು ಬಿಡುವ ಮುಂಚೆ ಬಿಚ್ಚಿ. ಓಡುವಾಗ ಮೈ ತಾನೇ ಬೆಚ್ಚಗಾಗುತ್ತದೆ, ಓಟ ಮುಗಿದ ಮೇಲೆ ಒರೆಸಿ ಮತ್ತೆ ಹಾಕಿದರಾಯಿತು. ಒಬ್ಬಳನ್ನೇ ಬಿಟ್ಟುಹೋಗುವಾಗಲೂ ಕೋಟು ಮೈಮೇಲೆ ಇರಬಾರದು.

ಒಗೆಯುವಾಗ ಬಟ್ಟೆ ಮೆತ್ತಗೆ ಮಾಡುವ ದ್ರವ ಹಾಕಬೇಡಿ, ನೀರು ತಡೆಯುವ ಲೇಪ ಕೆಡುತ್ತದೆ.

ಹೊಲಿಗೆ ಬಿಚ್ಚಿ ಈಗ ಹತ್ತು ದಿನ. ಗಾಯ ಒಣಗಿದೆ, ಕೂದಲು ಇನ್ನೂ ಬಂದಿಲ್ಲ. ಆದರೆ ಬಕಲ್ ಟಕ್ ಅಂದರೆ ಸಾಕು, ಚುಕ್ಕಿ ಕಲ್ಲಿನ ಹಾಗೆ ನಿಂತುಬಿಡುತ್ತಾಳೆ. ಹಾಗಾಗಿ ಹೊಸ ಕೋಟಿನಲ್ಲಿ ಬಕಲ್ ತೆಗೆಸಿ, ಅಗಲ ವೆಲ್ಕ್ರೋ ಹಾಕಿಸಿದ್ದೇನೆ. ಅದರ ಒರಟು ಭಾಗ ಚರ್ಮಕ್ಕೆ ತಾಗದ ಹಾಗೆ ಹೊರಮುಖವಾಗಿ. ದಿನಾ ಸ್ವಲ್ಪ ಹೊತ್ತು ಕೋಟನ್ನು ಅವಳ ಹಾಸಿಗೆಯ ಮೇಲೆ ಇಟ್ಟು, ಮೂಸಿದಾಗ ತಿಂಡಿ ಕೊಡುತ್ತಿದ್ದೇನೆ. ನಿನ್ನೆ ಬೆನ್ನ ಮೇಲೆ ಹಾಕಿದಾಗ ಕದಲದೆ ನಿಂತಳು. ಪಟ್ಟಿ ಇನ್ನೂ ಕಟ್ಟಿಲ್ಲ.